ತಂಗಿ ಮನೆಗೆ ಹೋದ ಹಸು

ಆಷಾಢ ಶುಕ್ರವಾರ. ಮೈಸೂರಿನಲ್ಲಿ ಅವತ್ತು ಯಾರಿಗೂ ಕೆಲಸದ ಮೇಲೆ ಪೂರ್ತಿ ಮನಸ್ಸಿರುವುದಿಲ್ಲ. ಬೆಟ್ಟಕ್ಕೆ ಹೊರಟವರ ಗಲಾಟೆ, ರಸ್ತೆ ಬದಿ ಪ್ರಸಾದ ಹಂಚುವವರು. ನಾನು ಸೂಪರ್‌ವಿಷನ್‌ಗೆ, ಅಂದರೆ ಟ್ರೈನಿ ನೋಡಿದ ಕೇಸ್‌ಗಳ ಬಗ್ಗೆ ಕೂತು ಮಾತಾಡುವುದಕ್ಕೆ, ಇಪ್ಪತ್ತು ನಿಮಿಷ ತಡವಾಗಿ ಬಂದೆ.

ನಮ್ಮ ಟ್ರೈನಿ ಹುಡುಗಿ ಐದು ಫೈಲ್ ಮುಂದಿಟ್ಟುಕೊಂಡು ಕೂತಿದ್ದಳು. ಮಂಗಳೂರು ಕಡೆಯವಳು, ಕ್ಲಿನಿಕಲ್ ಸೈಕಾಲಜಿ ಎಂಫಿಲ್ ಮೊದಲ ವರ್ಷ. ನಂಬರ್ ಪ್ರಕಾರ ಒಂದೊಂದೇ ಫೈಲ್ ನೋಡುತ್ತಾ ಹೋದೆವು. ಪರೀಕ್ಷೆ ಭಯದ ಹುಡುಗನ ಬಗ್ಗೆಯೇ ಅರ್ಧ ಗಂಟೆ ಮಾತಾಡಿದ್ದೇವೆ! ಐದನೆಯದಕ್ಕೆ ಉಳಿದದ್ದು ಹತ್ತು ನಿಮಿಷ.

ಮಂಡ್ಯ ಕಡೆಯ ರೈತರು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಸಾಲ, ನಿದ್ದೆಯಿಲ್ಲ. ಎರಡು ವರ್ಷದ ಹಿಂದೆ ಒಮ್ಮೆ ಜೀವ ಕಳೆದುಕೊಳ್ಳಲು ಹೋಗಿ ಉಳಿದವರು.

"ಈ ಸಲ ಪರವಾಗಿಲ್ಲ ಮೇಡಂ, ಶಾಂತವಾಗಿದ್ರು" ಎಂದಳು. ಸಾಯುವ ಯೋಚನೆ ಇದೆಯಾ ಎಂದು ಕೇಳಿದ್ದಳಂತೆ. ಅವರು "ಅಯ್ಯೋ, ಬುಡಿ ಮೇಡಂ" ಅಂದರಂತೆ. ಫೈಲಿನಲ್ಲಿ "ಇಲ್ಲ" ಎಂದು ಬರೆದಿದ್ದಳು.

ನಾನು ಮಂಡ್ಯದವಳು. "ಬುಡಿ" ಅಂದರೆ "ಇಲ್ಲ" ಅಲ್ಲ. ಆ ಮಾತು ಬೇಡ ಅಂತ, ಅಷ್ಟೇ.

ಕೆಳಗೆ ಇನ್ನೊಂದು ಸಾಲಿತ್ತು. "ಹಸುವನ್ನು ತಂಗಿ ಮನೆಗೆ ಕಳಿಸಿದ್ದಾರೆ. ಕೆಲಸದ ಹೊರೆ ಕಡಿಮೆಯಾಗಿದೆ."

"ಕರೆಯೋ ಹಸುನಾ?"

"ಕೇಳಲಿಲ್ಲ ಮೇಡಂ."

ಸಾಲದಲ್ಲಿರುವ ಮನೆಯಲ್ಲಿ ಡೈರಿ ದುಡ್ಡು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಗೊತ್ತು. ಕರೆಯುವ ಹಸುವನ್ನು ಯಾರೂ ಸುಮ್ನೆ ಹೊಡೆದು ಕಳಿಸುವುದಿಲ್ಲ. ಇರುವುದನ್ನೆಲ್ಲ ಒಬ್ಬೊಬ್ಬರಿಗೆ ಒಪ್ಪಿಸುತ್ತಾ, ಇದ್ದಕ್ಕಿದ್ದಂತೆ ಶಾಂತವಾದವರನ್ನು ಕಂಡರೆ ನನಗೆ ಭಯವೇ ಜಾಸ್ತಿ.

"ಯಾವತ್ತು ಬಂದಿದ್ರು?"

"ಬುಧವಾರ. ಅವತ್ತು ಸಂಜೆ ನಿಮಗೆ ಫೋನ್ ಮಾಡಿದ್ದೆ ಮೇಡಂ. ಶುಕ್ರವಾರ ಮಾತಾಡೋಣ ಅಂತ ಮೆಸೇಜ್ ಹಾಕಿದ್ರಿ."

ಹಾಕಿದ್ದೆ. ಯಾಕೆ ಫೋನ್ ಮಾಡಿದೆ ಎಂದು ಕೇಳಿರಲೇ ಇಲ್ಲ.

ಫೋನ್ ಕಿತ್ಕೊಂಡು ನಾನೇ ಮಾತಾಡಿಬಿಡೋಣ ಅನ್ನಿಸಿತು. ಆದರೆ ಅವರು ಮನಸ್ಸು ಬಿಚ್ಚಿದ್ದು ಅವಳ ಹತ್ತಿರ. ಅವಳ ಕೈಯಿಂದಲೇ ಮಾಡಿಸಿದೆ. ಸ್ಪೀಕರ್ ಹಾಕಿ, ಪಕ್ಕದಲ್ಲಿ ನಾನಿದ್ದೇನೆ ಎಂದು ಮೊದಲೇ ಹೇಳಿಸಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ, ನೇರವಾಗಿ ಕೇಳು ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವಳು ಕೇಳಿದಳು. ಆ ಕಡೆ ಮಾತಿಲ್ಲ. ದೂರದಲ್ಲಿ ಪಂಪ್‌ಸೆಟ್ ಓಡುವ ಸದ್ದು ಮಾತ್ರ.

"ಅದೆ ಮೇಡಂ" ಎಂದರು.

ಮುಂದಿನದು ಬೇಗ ಬೇಗ ಆಯಿತು. ತಂಗಿ ಗಂಡನಿಗೆ ಹೇಳಲು ಅವರೇ ಒಪ್ಪಿದರು. ಒಪ್ಪದಿದ್ದರೂ ಹೇಳುತ್ತಿದ್ದೆ. ಗುಟ್ಟು ಕಾಯಬೇಕು ಅನ್ನುವ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ, ಜೀವಕ್ಕೆ ಅಪಾಯ ಇದ್ದರೆ ಬೇಕಾದಷ್ಟನ್ನು ಮಾತ್ರ ಹೇಳಬಹುದು ಅನ್ನುತ್ತದೆ. ಆತ ಬಂದು ಹೊಲದ ಔಷಧಿ ಇಟ್ಟ ಕೋಣೆಯ ಬೀಗದ ಕೈ ಇಸಕೊಂಡ. ಅವತ್ತೇ ಸಂಜೆ ಮಂಡ್ಯದಲ್ಲಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. ಅಲ್ಲಿಯ ತನಕ ನಾವು ಲೈನ್ ಬಿಡಲಿಲ್ಲ. ರಾತ್ರಿ ಸಂಕಟ ಆದರೆ ಮೊದಲು ಏನು ಮಾಡುವುದು, ಯಾರನ್ನು ಕರೆಯುವುದು ಎಂದು ಅವರ ಬಾಯಲ್ಲೇ ಹೇಳಿಸಿ ಬರೆದುಕೊಂಡೆವು. ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್, 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.

ಬುಧವಾರ ಅವಳು ಇದ್ಯಾವುದನ್ನೂ ಮಾಡಿರಲಿಲ್ಲ. "ಏನೂ ಮಾಡಿಕೊಳ್ಳಲ್ಲ" ಎಂದು ಮಾತು ತಗೊಂಡಿದ್ದಳು. ಆಣೆ ಪ್ರಮಾಣ ಯಾರನ್ನೂ ಕಾಯುವುದಿಲ್ಲ, ನಮಗೆ ನಿದ್ದೆ ಬರುತ್ತದೆ ಅಷ್ಟೇ. ಅದನ್ನು ಅವಳಿಗೆ ಹೇಳಿಕೊಡಬೇಕಾದವಳು ನಾನು. ಹೇಳಿಕೊಟ್ಟಿರಲಿಲ್ಲ.

ಫೋನ್ ಇಟ್ಟ ಮೇಲೆ ಅತ್ತಳು. "ನನ್ನಿಂದ ತಪ್ಪಾಯ್ತು ಮೇಡಂ." ಫೈಲಿನ ಕೊನೆ ಪುಟ ತೆಗೆದು ಮುಂದಿಟ್ಟೆ. ಎರಡು ಸಹಿ, ಅವಳದೂ ನನ್ನದೂ. ಈ ಕೆಲಸಕ್ಕೆ ಬೇಕಾದ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವುದು ನನ್ನ ಹೆಸರಿನಲ್ಲಿ. ಮೂರು ತಿಂಗಳ ಟ್ರೈನಿಗೆ ಈ ಕೇಸ್ ಕೊಟ್ಟವಳೂ ನಾನೇ. ಎಲ್ಲ ಥರದ ಕೇಸ್ ನೋಡಲಿ ಅಂತ ಕೊಟ್ಟಿದ್ದೆ. ಅದು ಅವಳ ಕಲಿಕೆಗೆ ಸರಿ. ಆ ಮನುಷ್ಯನಿಗೆ ಸರಿಯಾ ಎಂದು ಯೋಚಿಸಿರಲಿಲ್ಲ. ನೋಡುವವಳು ಇನ್ನೂ ಕಲಿಯುತ್ತಿರುವವಳು ಎಂದು ಅವರಿಗೆ ಬಾಯಿಬಿಟ್ಟು ಹೇಳಿದ್ದೆವಾ? ಒಪ್ಪಿಗೆ ಪತ್ರದಲ್ಲಿತ್ತು. ಸಣ್ಣ ಅಕ್ಷರದಲ್ಲಿ.

ಈಗ ಫೈಲ್ ನಂಬರ್ ನೋಡುವುದಿಲ್ಲ. ಹೆದರಿಕೆ ಹುಟ್ಟಿಸಿದ ಕೇಸ್ ಮೊದಲು. ಅವಳ ಫೋನ್ ಬಂದರೆ ಎತ್ತುತ್ತೇನೆ, ಎರಡು ಸಲ ಬೈದುಕೊಂಡಾದರೂ ಸರಿ. ಆ ಕೇಸ್ ಅವಳಿಂದ ಕಿತ್ತುಕೊಳ್ಳಲಿಲ್ಲ. ಅವರನ್ನು ಕೇಳಿ, ಒಂದಷ್ಟು ವಾರ ನಾನೂ ಜೊತೆಗೆ ಕೂತೆ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ದಿನ ಅವಳು ಒಬ್ಬಳೇ ನೋಡಿ ಫೈಲ್ ತಂದಳು. ಮೊದಲ ಸಾಲು: "ಹಸು ವಾಪಸ್ ಬಂತಾ ಎಂದು ಕೇಳಿದೆ. 'ಎಲ್ಲಿ ಮೇಡಂ, ನಮ್ ತಂಗಿ ಬುಡ್ತಾನೇ ಇಲ್ಲ, ಹಾಲು ಚೆನ್ನಾಗ್ ಕೊಡ್ತಾ ಅದೆ' ಎಂದು ನಕ್ಕರು."

ಅವರ ಮಾತನ್ನು ಇದ್ದ ಹಾಗೇ ಬರೆದಿದ್ದಳು. ಎರಡು ಸಲ ಓದಿ ಸಹಿ ಹಾಕಿದೆ.