ಪಾರಿಜಾತದ ಡಾಕ್ಯುಮೆಂಟರಿ: ರಫ್ ಕಟ್ ಎಲ್ಲಿಗೆ ಬಂತು

ಗೋಕಾಕ ಕಡೆಯ ಶೂಟಿಂಗ್ ಬಹುತೇಕ ಮುಗಿದಿದೆ. ಈಗ ಬೆಳಗಾವಿಯಲ್ಲಿ ಎಡಿಟಿಂಗ್, ರಫ್ ಕಟ್ ಅಂದರೆ ಮೊದಲ ಒರಟು ಜೋಡಣೆ ನಡೆದಿದೆ. ಉತ್ತರ ಕರ್ನಾಟಕದ ಬಯಲಾಟ ಶ್ರೀಕೃಷ್ಣ ಪಾರಿಜಾತದ ಕಥೆ ನಮ್ಮ ಭಾಗದವರಿಗೆ ಹೇಳಬೇಕಿಲ್ಲ: ನಾರದ ತಂದ ಹೂ ರುಕ್ಮಿಣಿಯ ಮುಡಿ ಸೇರುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಅಪರಾಳ ತಮ್ಮಣ್ಣ ಬರೆದು, ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದ ಪದಗಳನ್ನೇ ಇಂದಿಗೂ ಹಾಡುವ ಕಲಾವಿದೆ, ಅದರೊಳಗೆ ತನ್ನದೇನು ಹೇಳಿಕೊಳ್ಳುತ್ತಾಳೆ? ನಾನು ಬೆನ್ನು ಹತ್ತಿರುವುದು ಇದನ್ನು.

ಪದ ಗಟ್ಟಿ, ಮಾತು ಸಡಿಲು. ಪಾತ್ರ ಪರದೆಯ ಹಿಂದಿರುವಾಗಲೇ, ಆಟ ನಡೆಸುವ ಭಾಗವತ "ಯಾರವ್ವಾ ನೀ, ಯಾವೂರಾಕಿ?" ಎಂದು ಕೆಣಕುತ್ತಾನೆ. ಅಲ್ಲಿಂದ ಮುಂದಿನ ಮಾತೆಲ್ಲ ನಿಂತ ನಿಲುವಿನಲ್ಲಿ ಹುಟ್ಟಬೇಕು. ಒಂದು ಊರಿನಲ್ಲಿ ನಮ್ಮ ಭಾಮೆ ಹೂವಿನ ಜಗಳದ ನಡುವೆ, "ಮನಿ ನಂದಂತ, ಉತಾರದಾಗ ಹೆಸರು ಮಾತ್ರ ಅವರದು" ಎಂದುಬಿಟ್ಟಳು. ಉತಾರ ಅಂದರೆ ಆಸ್ತಿಯ ದಾಖಲೆ. ಹೆಂಗಸರು ಕೂತಿದ್ದ ಕಡೆಯಿಂದ ಎದ್ದ ನಗೆಗೆ ಹಾರ್ಮೋನಿಯಂ ಕೂಡ ನಿಂತಿತು. ಮರುದಿನ ಕೇಳಿದರೆ, "ಭಾಮಿ ಬಾಯಾಗ ಹಾಕಿದ್ರ ನನಗ ಯಾರೂ ಬಯ್ಯೂದಿಲ್ಲರಿ." ಪಾರಿಜಾತದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನನ್ನು ಕಂಡ ಸೀಮೆ ಇದು, ಆದರೂ ಹೀಗೆ.

ಈ ಮಾತಿಗಾಗಿಯೇ ಸೌಂಡಿನ ಮೇಲೆ ಹೆಚ್ಚು ಹೊತ್ತು ಹೋಯಿತು. ವೇದಿಕೆಯ ಮುಂದಿನ ಮೈಕಿನಲ್ಲಿ ಹಿಮ್ಮೇಳ ಮಾತನ್ನು ನುಂಗುತ್ತಿತ್ತು. ಕಾಲರ್ ಮೈಕ್ ಹಾಕಿದರೆ ಸರಗಳ ಗಲಗಲ. ಕೊನೆಗೆ ಮೈಕನ್ನು ಹೆರಳಿನ ಬುಡದಲ್ಲಿ ಸಿಕ್ಕಿಸಿ, ಹಿಮ್ಮೇಳಕ್ಕೆ ಬೇರೆ ರೆಕಾರ್ಡರ್ ಇಟ್ಟೆವು. ಬೆಳಕಿನದು ಸುಲಭ: ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು. ಟ್ಯೂಬ್‌ಲೈಟು ಮಿಣುಕಲಿಲ್ಲ.

ಎಡಿಟಿಂಗಿನಲ್ಲಿ ಹಾಡುಗಳಿಗೆ ಧಾರಾಳವಾಗಿ ಕತ್ತರಿ ಹಾಕುತ್ತಿದ್ದೇನೆ, ಮಾತಿಗೆ ಮಾತ್ರ ಇಲ್ಲ. ಭಾಗವತ ಕೆಣಕಿದಾಗ ಆಕೆ ತಡವರಿಸುವ ಅರೆಗಳಿಗೆಯೂ ಇರಬೇಕು. ಯೋಚನೆ ಹುಟ್ಟುವುದು ಕಾಣುವುದೇ ಅಲ್ಲಿ. "ಉದ್ದ ಆತು" ಅನ್ನುತ್ತಾನೆ ಎಡಿಟರ್ ಗೆಳೆಯ. ಆಗಲಿ.

ಉತಾರದ ಮಾತು ಉಳಿಯುತ್ತದೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಆಟದಲ್ಲಿ ಅಂದದ್ದು ಅವತ್ತಿಗೇ ಮುಗಿಯಿತು. ಸಿನಿಮಾದಲ್ಲಿ ಅದು ಆ ಕಲಾವಿದೆಯ ಮನೆಯ ಮೊಬೈಲಿಗೂ ಬರುತ್ತದೆ. ಅವರಿಗೆ ತುಣುಕು ತೋರಿಸಿದೆ. ನಕ್ಕರು, ಆಮೇಲೆ "ಮನ್ಯಾಗ ಕೇಳಿ ಹೇಳ್ತೀನ್ರಿ" ಅಂದರು. ಬೇಡವೆಂದರೆ ತೆಗೆಯುವುದೇ. ಆ ಜಾಗಕ್ಕೆ ಬೇರೆ ಊರಿನ ಆಟದ ತುಣುಕೊಂದನ್ನು ಹೊಂದಿಸಿಟ್ಟಿದ್ದೇನೆ, ಅಷ್ಟು ಖಾರವಿಲ್ಲ. ಅಲ್ಲಿಯವರೆಗೆ ಸಬ್‌ಟೈಟಲ್ ಕೆಲಸ.