ಒಮಾನಿನ ಎಣ್ಣೆ ಲೆಕ್ಕ: ಜಿಡಿಪಿ ಬಿಟ್ಟು ಬೊಕ್ಕಸ ನೋಡಿ

ಒಮಾನ್ ಎಣ್ಣೆಯ ಹಂಗು ಬಿಡುತ್ತಿದೆಯೇ ಎಂದು ಕೇಳಿದರೆ ಅಲ್ಲಿನ ಸರಕಾರದ ಲೆಕ್ಕದಲ್ಲೇ ಎರಡು ಉತ್ತರ ಸಿಗುತ್ತವೆ. ಜಿಡಿಪಿಯಲ್ಲಿ ತೈಲೇತರ ಚಟುವಟಿಕೆಗಳ ಪಾಲು ಈಗ ಸುಮಾರು 70%. ಆದರೆ 2025ರ ಬಜೆಟ್ಟಿನಲ್ಲಿ ಅಂದಾಜಿಸಿದ ಆದಾಯದ 68% ಬರಬೇಕಾದದ್ದು ತೈಲ ಮತ್ತು ಅನಿಲದಿಂದ. ಮೊದಲನೆಯದನ್ನು ನಂಬಿದರೆ ಕೆಲಸ ಬಹುಪಾಲು ಮುಗಿದಿದೆ. ಎರಡನೆಯದನ್ನು ನಂಬಿದರೆ ಮೂರರಲ್ಲಿ ಒಂದು ಪಾಲೂ ಆಗಿಲ್ಲ. ನಂಬಬೇಕಾದದ್ದು ಎರಡನೆಯದನ್ನೇ.

ಯಾಕೆಂದರೆ ‘ತೈಲೇತರ’ ಎಂಬ ಕಾಲಮ್ಮಿನೊಳಗೆ ಎಣ್ಣೆ ಧಾರಾಳವಾಗಿ ಸೇರಿಕೊಂಡಿದೆ. 2024ರಲ್ಲಿ ಉದ್ಘಾಟನೆಯಾದ ದುಕ್ಮ್ ರಿಫೈನರಿ ದಿನಕ್ಕೆ 2,30,000 ಬ್ಯಾರೆಲ್ ಕಚ್ಚಾ ತೈಲ ಶುದ್ಧೀಕರಿಸಬಲ್ಲದು. ಅಲ್ಲಿ ಹುಟ್ಟುವ ಮೌಲ್ಯ ಲೆಕ್ಕಪುಸ್ತಕದಲ್ಲಿ ‘ಕೈಗಾರಿಕೆ’. ಸೋಹಾರಿನ ಅಲ್ಯೂಮಿನಿಯಂ ಕಾರ್ಖಾನೆ ನಡೆಯುವುದು ಅನಿಲದಿಂದ ಮಾಡಿದ ಕರೆಂಟಿನಲ್ಲಿ. ಸರಕಾರಿ ನೌಕರರ ಸಂಬಳ ‘ಸೇವಾ ವಲಯ’, ಆ ಸಂಬಳದ ಮೂಲ ಮತ್ತೆ ಎಣ್ಣೆಯೇ. ರಸ್ತೆ, ಸೇತುವೆ, ಆಸ್ಪತ್ರೆ ಕಟ್ಟುವ ಗುತ್ತಿಗೆದಾರನ ವಹಿವಾಟೂ ಅಷ್ಟೇ. ಮಂಗಳೂರು, ಉಡುಪಿ, ಭಟ್ಕಳದಿಂದ ಹೋಗಿ ಮಸ್ಕತ್ತಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬ್ಯಾರೆಲ್ ಬೆಲೆ ಕುಸಿದರೆ ಮೊದಲು ಸರಕಾರಿ ಬಿಲ್ಲು ತಡವಾಗುತ್ತದೆ, ಆಮೇಲೆ ಕಂಪನಿಯ ಸಂಬಳ, ಕೊನೆಗೆ ವೀಸಾ ನವೀಕರಣ.

ಇನ್ನೊಂದು ಕಟ್ಟೂ ಇದೆ. 1986ರಿಂದ ರಿಯಾಲ್ ಬೆಲೆ ಡಾಲರಿಗೆ ಬಿಗಿದುಕೊಂಡಿದೆ, ಒಂದು ರಿಯಾಲಿಗೆ ಸುಮಾರು 2.60 ಡಾಲರ್. ಎಣ್ಣೆ ಬೆಲೆ ಬಿದ್ದಾಗ, ಎಣ್ಣೆ ಮಾರುವ ಇನ್ನೊಂದು ದೇಶವಾದ ನಾರ್ವೆಯ ನಾಣ್ಯ ಕ್ರೋನ್ ತಾನೂ ಇಳಿಯುತ್ತದೆ, ಆಗ ಅಲ್ಲಿನ ಮೀನು, ಯಂತ್ರ ಹೊರಗಿನವರಿಗೆ ಅಗ್ಗವಾಗುತ್ತವೆ. ಒಮಾನಿಗೆ ಆ ದಾರಿ ಇಲ್ಲ. ಹೊಡೆತ ನೇರವಾಗಿ ಬಜೆಟ್ಟಿನ ಮೇಲೆ.

ಬದಲಾಗಬೇಕೆಂಬ ಮಾತು ಹೊಸದಲ್ಲ. 1995ರಲ್ಲೇ ‘ವಿಷನ್ 2020’ ಎಂಬ ದೀರ್ಘಾವಧಿ ಯೋಜನೆ ಸಿದ್ಧವಾಗಿತ್ತು. 2020ರ ಹೊತ್ತಿಗೆ ಜಿಡಿಪಿಯಲ್ಲಿ ಕಚ್ಚಾ ತೈಲದ ಪಾಲನ್ನು 9%ಕ್ಕೆ ಇಳಿಸುವುದು ಅದರ ಗುರಿ. ಆಗಲಿಲ್ಲ. 2003ರ ನಂತರ ಬೆಲೆ ಏರುತ್ತಾ ಹೋಯಿತು, ಅವಸರ ಕರಗಿತು. 2011ರಲ್ಲಿ ಸೋಹಾರಿನಲ್ಲಿ ನಿರುದ್ಯೋಗಿ ಯುವಕರು ಬೀದಿಗಿಳಿದಾಗ ಸುಲ್ತಾನ್ ಕಾಬೂಸ್ 50,000 ಉದ್ಯೋಗ ಘೋಷಿಸಿದರು. ಸಂಬಳದ ಪಟ್ಟಿ ಉದ್ದವಾದ ಮೇಲೆ, 2014ರಲ್ಲಿ ಬೆಲೆ ಕುಸಿಯಿತು. 2020ರಲ್ಲಿ ಸಾಲ ಜಿಡಿಪಿಯ 70%ದ ಹತ್ತಿರ ಬಂತು. ಅದೇ ವರ್ಷ ಪಟ್ಟಕ್ಕೆ ಬಂದ ಸುಲ್ತಾನ್ ಹೈತಮ್ ಖರ್ಚು ಬಿಗಿಹಿಡಿದರು, 2021ರ ಏಪ್ರಿಲ್‌ನಲ್ಲಿ 5% ವ್ಯಾಟ್ ತಂದರು, ಬೆಲೆ ಏರಿದಾಗ ಬಂದ ಹೆಚ್ಚುವರಿ ಹಣವನ್ನು ಸಾಲ ತೀರಿಸಲು ಬಳಸಿದರು. ಜಿಡಿಪಿಗೆ ಹೋಲಿಸಿದರೆ ಸಾಲದ ಪಾಲು ಈಗ ಸುಮಾರು ಅರ್ಧಕ್ಕಿಳಿದಿದೆ. ಅದರ ನಂತರದ ಯೋಜನೆ ‘ವಿಷನ್ 2040’ರಲ್ಲಿ ಈವರೆಗೆ ನಿಜಕ್ಕೂ ಸಾಧಿಸಿದ್ದು ಯಾವುದು ಎಂದರೆ ಇದನ್ನೇ ಮೊದಲು ಹೇಳಬೇಕು, ಫೋಟೋ ತೆಗೆಸಿಕೊಳ್ಳುವ ಯೋಜನೆಗಳನ್ನಲ್ಲ.

ಸೋಲಾರಿನ ವಿಷಯಕ್ಕೆ ಬರೋಣ. ಇಬ್ರಿಯ 500 ಮೆಗಾವ್ಯಾಟ್ ಸ್ಥಾವರ 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಆಮೇಲೆ ಮನಾದಲ್ಲಿ ಅಷ್ಟೇ ದೊಡ್ಡವು ಎರಡು ಬಂದವು. ಇವುಗಳ ಲಾಭವನ್ನು ಜನ ಇಂಗಾಲದ ಲೆಕ್ಕದಲ್ಲಿ ಹೇಳುತ್ತಾರೆ. ಬೊಕ್ಕಸಕ್ಕೆ ಮುಖ್ಯವಾದ ಲೆಕ್ಕ ಬೇರೆ. ಒಮಾನಿನ ಕರೆಂಟು ಬಹುಪಾಲು ಅನಿಲದಿಂದಲೇ ಬರುತ್ತಿತ್ತು. 500 ಮೆಗಾವ್ಯಾಟ್ ಸ್ಥಾವರ ವರ್ಷದ ಸರಾಸರಿಯಲ್ಲಿ 28% ಸಾಮರ್ಥ್ಯಕ್ಕೆ ಓಡಿದರೂ ಸುಮಾರು 120 ಕೋಟಿ ಯೂನಿಟ್ ಕೊಡುತ್ತದೆ. ಅಷ್ಟು ಕರೆಂಟನ್ನು 50% ದಕ್ಷತೆಯ ಅನಿಲ ಸ್ಥಾವರದಲ್ಲಿ ಮಾಡಲು 82 ಲಕ್ಷ ಎಂಎಂಬಿಟಿಯು (ಅನಿಲದ ಶಾಖ ಅಳೆಯುವ ಮಾನ) ಅನಿಲ ಬೇಕು. ಕಲ್ಹಾತಿನ ಘಟಕದಲ್ಲಿ ಅದನ್ನು ಹಡಗಿಗೇರಿಸಲು ದ್ರವ (ಎಲ್‌ಎನ್‌ಜಿ) ಮಾಡುವಾಗ ಹತ್ತನೇ ಒಂದು ಪಾಲು ಉರಿದುಹೋದರೂ, ಎಂಎಂಬಿಟಿಯುಗೆ 8 ಡಾಲರ್ ಹಿಡಿದರೆ ವರ್ಷಕ್ಕೆ ಆರು ಕೋಟಿ ಡಾಲರಿನಷ್ಟು ಎಲ್‌ಎನ್‌ಜಿ ಮಾರಾಟಕ್ಕೆ ಉಳಿಯುತ್ತದೆ. ಲಾಭ ನಿಜ, ಆದರೆ ಬಜೆಟ್ಟಿನಲ್ಲಿ ಅದು ಮತ್ತೆ ‘ಅನಿಲ ಆದಾಯ’ದ ಸಾಲಿಗೇ ಸೇರುತ್ತದೆ.

ಅಲ್ಲಿನ ಬಿಸಿಲು ಹೇರಳ, ತೊಂದರೆ ಶಾಖ ಮತ್ತು ಧೂಳಿನದು. ಫಲಕದ ಸಾಮರ್ಥ್ಯ ಅಳೆಯುವುದು 25 ಡಿಗ್ರಿಯಲ್ಲಿ. ಮರುಭೂಮಿಯ ಮಧ್ಯಾಹ್ನ ಸೆಲ್ 65 ಡಿಗ್ರಿಗೆ ಕಾದರೆ, ಡಿಗ್ರಿಗೆ 0.35%ದಂತೆ 14% ಉತ್ಪಾದನೆ ಅಲ್ಲೇ ಹೋಯಿತು. ನೀರು ಹಾಕಿ ತೊಳೆಯೋಣವೆಂದರೆ ಸಿಹಿನೀರೇ ಇಲ್ಲ. ಬೆಳಗಿನ ಇಬ್ಬನಿ ಧೂಳಿನ ಜೊತೆ ಸೇರಿ ಗಾಜಿನ ಮೇಲೆ ಗಾರೆಯಂತೆ ಗಟ್ಟಿಯಾಗುತ್ತದೆ, ಹಾಗಾಗಿ ನೀರಿಲ್ಲದೆ ಬ್ರಷ್ ಎಳೆಯುವ ರೋಬೋಟುಗಳನ್ನು ದಿನವೂ ಓಡಿಸಬೇಕು. ಅಮಲ್ ತೈಲಕ್ಷೇತ್ರದ ‘ಮಿರಾಹ್’ ಯೋಜನೆಯಲ್ಲಿ ಇದಕ್ಕೆ ಬೇರೆಯೇ ಉಪಾಯ ಹುಡುಕಿದ್ದರು: ಕನ್ನಡಿಗಳನ್ನು ಗಾಜಿನ ಮನೆಯೊಳಗೆ ತೂಗುಹಾಕಿ, ಚಾವಣಿ ತೊಳೆಯುವ ಯಂತ್ರ ಇಟ್ಟರು. ಬಿಸಿಲಿನಿಂದ ಬರುವ ಹಬೆಯನ್ನು ನೆಲದೊಳಗೆ ನುಗ್ಗಿಸಿ ಮಂದ ಎಣ್ಣೆಯನ್ನು ತೆಳುಮಾಡುವುದು ಉದ್ದೇಶ, ಅದರಿಂದ ಹಬೆಗೆ ಸುಡುವ ಅನಿಲ ಉಳಿಯುತ್ತದೆ. ತಂತ್ರ ಕೆಲಸ ಮಾಡಿತು. ಆದರೆ 2020ರಲ್ಲಿ ಎಣ್ಣೆ ಬೆಲೆ ಕುಸಿದಾಗ ಅದನ್ನು ಕಟ್ಟಿದ ಕಂಪನಿಯೇ ಬಾಗಿಲು ಹಾಕಿತು. ಸೌರ ಯೋಜನೆಯ ಗಿರಾಕಿಯೇ ತೈಲಬಾವಿಯಾದರೆ ಹೀಗಾಗುತ್ತದೆ.

ಈಗ ದೊಡ್ಡ ಪಣ ಹಸಿರು ಹೈಡ್ರೋಜನ್ ಮೇಲೆ, ಎಂದರೆ ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆಯುವ ಹೈಡ್ರೋಜನ್. 2030ಕ್ಕೆ ವರ್ಷಕ್ಕೆ 10 ಲಕ್ಷ ಟನ್, 2050ಕ್ಕೆ ಸುಮಾರು 80 ಲಕ್ಷ ಟನ್ ಗುರಿ. 2022ರಲ್ಲಿ ‘ಹೈಡ್ರೋಮ್’ ಎಂಬ ಸಂಸ್ಥೆ ಕಟ್ಟಿ ದುಕ್ಮ್ ಮತ್ತು ಧೋಫಾರಿನ ನೆಲವನ್ನು ಹರಾಜಿಗಿಟ್ಟರು. ಒಂದು ಕಿಲೋ ಹೈಡ್ರೋಜನ್ನಿಗೆ ಸುಮಾರು 9 ಲೀಟರ್ ಶುದ್ಧ ನೀರು, 50ರಿಂದ 55 ಯೂನಿಟ್ ಕರೆಂಟು ಬೇಕು. ನೀರಿನ ಚಿಂತೆ ದೊಡ್ಡದಲ್ಲ: ಸಮುದ್ರದ ನೀರಿನ ಉಪ್ಪು ತೆಗೆಯಲು ಸಾವಿರ ಲೀಟರಿಗೆ 3–4 ಯೂನಿಟ್ ಸಾಕು. ಕರೆಂಟಿನದೇ ಚಿಂತೆ. 10 ಲಕ್ಷ ಟನ್ನಿಗೆ 5,000 ಕೋಟಿ ಯೂನಿಟ್ ಬೇಕು. ಇಡೀ ಒಮಾನ್ ಒಂದು ವರ್ಷಕ್ಕೆ ಬಳಸುವುದಕ್ಕಿಂತ ಇದು ಹೆಚ್ಚು. ಬರೀ ಬಿಸಿಲನ್ನು ನೆಚ್ಚಿದರೆ ಮನಾದಂಥ ಸ್ಥಾವರಗಳು ನಲವತ್ತು ಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ನೀರು ಒಡೆಯುವ ದುಬಾರಿ ಯಂತ್ರ, ಎಲೆಕ್ಟ್ರೋಲೈಸರ್, ರಾತ್ರಿಯಿಡೀ ಸುಮ್ಮನೆ ಕೂರುತ್ತದೆ. ಆದ್ದರಿಂದಲೇ ಗಾಳಿಯೂ ಜೋರಾಗಿರುವ ಜಾಗಗಳನ್ನು ಆರಿಸಿದ್ದಾರೆ. ನಮಗೆ ಮಳೆ ತರುವ ನೈಋತ್ಯ ಮುಂಗಾರೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕರಾವಳಿಯಲ್ಲಿ ಬೀಸುತ್ತದೆ.

ಸಿಕ್ಕು ಇರುವುದು ಕೊಳ್ಳುವವರಲ್ಲಿ. ಯೂನಿಟ್ಟಿಗೆ 3 ಸೆಂಟ್ ಹಿಡಿದರೂ ಕರೆಂಟಿಗೇ ಕಿಲೋಗೆ ಒಂದೂವರೆ ಡಾಲರ್, ಯಂತ್ರದ ಬಡ್ಡಿ ಬೇರೆ. ಹದಿನೈದು ವರ್ಷ ಈ ಬೆಲೆಗೆ ಕೊಳ್ಳುತ್ತೇನೆಂದು ಯಾರಾದರೂ ಸಹಿ ಹಾಕದೆ ಬ್ಯಾಂಕು ಸಾಲ ಕೊಡದು. ಹೈಡ್ರೋಜನ್ ದ್ರವವಾಗಲು ಮೈನಸ್ 253 ಡಿಗ್ರಿ ಬೇಕು, ಹೈಡ್ರೋಜನ್ನಿಂದ ಮಾಡುವ ಅಮೋನಿಯಾಕ್ಕೆ ಮೈನಸ್ 33 ಸಾಕು. ಹಾಗಾಗಿ ಹಡಗಿಗೆ ಅಮೋನಿಯಾವನ್ನೇ ಏರಿಸುವುದು ಸರಿ, ಆದರೆ ದಡದಲ್ಲಿ ಅದನ್ನು ಮತ್ತೆ ಒಡೆದು ಹೈಡ್ರೋಜನ್ ತೆಗೆಯುವುದು ಶಕ್ತಿಯ ದಂಡ. ಅಮೋನಿಯಾವಾಗಿಯೇ ಬಳಸುವ ಗಿರಾಕಿ ಬೇಕು, ಎಂದರೆ ಗೊಬ್ಬರ.

ಇಲ್ಲಿ ಭಾರತ ಬರುತ್ತದೆ. ಒಮಾನಿನ ಸೂರ್‌ನಲ್ಲಿ ನಮ್ಮ ಗೊಬ್ಬರ ಸಹಕಾರ ಸಂಸ್ಥೆಗಳಾದ ಇಫ್ಕೋ ಮತ್ತು ಕೃಭ್ಕೋ ಪಾಲುದಾರಿಕೆಯ ಯೂರಿಯಾ ಕಾರ್ಖಾನೆ ಎರಡು ದಶಕಗಳಿಂದ ನಡೆಯುತ್ತಿದೆ. ಅದಕ್ಕೆ ಹಸಿರು ಅಮೋನಿಯಾ ಊಡಿಸಿದರಾಯಿತು ಎನ್ನುವವರು ಒಂದು ಸಂಗತಿ ಮರೆಯುತ್ತಾರೆ: ಒಂದು ಟನ್ ಯೂರಿಯಾಕ್ಕೆ 0.57 ಟನ್ ಅಮೋನಿಯಾದ ಜೊತೆಗೆ 0.73 ಟನ್ ಇಂಗಾಲದ ಡೈಆಕ್ಸೈಡೂ ಬೇಕು, ಅದು ಈಗ ಬರುವುದು ಅನಿಲದಿಂದಲೇ. ಅನಿಲ ಬಿಟ್ಟರೆ ಇಂಗಾಲಕ್ಕೆ ಬೇರೆ ಮೂಲ ಹುಡುಕಬೇಕು. ಇನ್ನೊಂದು ಗೊಬ್ಬರ ಡಿಎಪಿಗೆ ಅಮೋನಿಯಾ ಬೇಕು, ಇಂಗಾಲ ಬೇಡ. ಹಸಿರು ಅಮೋನಿಯಾಕ್ಕೆ ಮೊದಲ ಮಾರುಕಟ್ಟೆ ನಮ್ಮ ಡಿಎಪಿ ಕಾರ್ಖಾನೆಗಳಲ್ಲಿ ಸಿಗಬಹುದು ಎಂಬುದು ನನ್ನ ಎಣಿಕೆ.

ಉದ್ಯೋಗದ ಕಡೆ, 2018ರಲ್ಲಿ 87 ಬಗೆಯ ಕೆಲಸಗಳಿಗೆ ವಿದೇಶಿಯರ ವೀಸಾ ತಡೆದರು, ಆ ಪಟ್ಟಿ ಬೆಳೆಯುತ್ತಲೇ ಬಂದಿದೆ. ತೆರಿಗೆಯ ಕಡೆ, 2028ರ ಜನವರಿಯಿಂದ ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ 5% ತೆರಿಗೆ. ಇದು ತಟ್ಟುವುದು ಸುಮಾರು 1% ಜನರಿಗೆ ಮಾತ್ರ, ಮೊದಲ ವರ್ಷಗಳಲ್ಲಿ ಹೆಚ್ಚು ಹಣ ತರದು. ಆದರೂ ಕೊಲ್ಲಿ ದೇಶಗಳಲ್ಲಿ ಆದಾಯ ತೆರಿಗೆಗೆ ಮೊದಲು ಕೈಹಾಕಿದ್ದು ಒಮಾನ್. ಎಣ್ಣೆ ಬಿಟ್ಟು ಬೇರೆ ಕಡೆಯಿಂದ ಬೊಕ್ಕಸ ತುಂಬುವ ಯಂತ್ರಾಂಗ ಕಟ್ಟಲು ವರ್ಷಗಟ್ಟಲೆ ಬೇಕು. ಬೆಲೆ ಕುಸಿದ ದಿನ ಶುರುಮಾಡಿದರೆ ತಡವಾಗುತ್ತದೆ.

ಪ್ರತಿ ಜನವರಿಯಲ್ಲಿ ಬರುವ ಬಜೆಟ್ಟಿನಲ್ಲಿ ಇನ್ನೊಂದು ಅಂಕಿ ನೋಡಿ: ಲೆಕ್ಕಕ್ಕೆ ಹಿಡಿದ ಬ್ಯಾರೆಲ್ ಬೆಲೆ. 2021ರಲ್ಲಿ ಅದು 45 ಡಾಲರ್, 2023ರಲ್ಲಿ 55, 2024 ಮತ್ತು 2025ರಲ್ಲಿ 60. 60ಕ್ಕೆ ಹಿಡಿದರೂ 2025ರಲ್ಲಿ 62 ಕೋಟಿ ರಿಯಾಲ್ ಕೊರತೆ ತೋರಿಸಿದ್ದಾರೆ.