ಕೋಡಿ ಬಿದ್ದಾಗ ನಾನು ಊರಲ್ಲಿರಲಿಲ್ಲ

ದೇವರ ಮನೆಯ ಗೂಡಿನಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಒಂದು ಲೀಟರ್ ನೀರಿನ ಬಾಟಲಿ. ಒಳಗೆ ಕೆಂಪಗಿನ ನೀರು, ತಳದಲ್ಲಿ ಬೆರಳಗಲ ಮಣ್ಣು. ಕತ್ತಿಗೆ ಅರಿಶಿನದ ದಾರ ಕಟ್ಟಿ ಮೈಗೆ ಕುಂಕುಮ ಹಚ್ಚಿದ್ದರು.

ಹತ್ತು ತಿಂಗಳ ಮೇಲೆ ಮನೆಗೆ ಬಂದಿದ್ದೆ. ಸ್ನಾನ ಮುಗಿಸಿ ಕೈ ಮುಗಿಯಲು ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದು. ನನ್ನ ಕೈಯಲ್ಲಿ ವಾರಾಣಸಿಯಿಂದ ತಂದ ಪುಟ್ಟ ತಾಮ್ರದ ಗಿಂಡಿ ಇತ್ತು, ಗಂಗೆಯ ನೀರು ತುಂಬಿದ್ದು. ಜನವರಿಯಿಂದ ಬ್ಯಾಗಿನಲ್ಲಿ ಬಟ್ಟೆಯ ನಡುವೆ ಜೋಪಾನ ಮಾಡಿಕೊಂಡು ತಿರುಗಿದ್ದೆ.

"ಇದೇನಮ್ಮ ಬಾಟಲಿ?" ಅಂದೆ.

"ಮಾರಿಕಣಿವೆ ಕೋಡಿ ನೀರು ಕಣೆ. ಅಲ್ಲಾಡಿಸಬೇಡ," ಅಂದಳು ಅಮ್ಮ ಅಡುಗೆಮನೆಯಿಂದಲೇ. ಆಮೇಲೆ ಬಂದು ನನ್ನ ಗಿಂಡಿಯನ್ನು ಕಣ್ಣಿಗೊತ್ತಿಕೊಂಡಳು. ಗೂಡಿನಲ್ಲಿ ಇಟ್ಟಳು. ಬಾಟಲಿಯ ಪಕ್ಕದಲ್ಲಿ, ಒಂಚೂರು ಹಿಂದಕ್ಕೆ.

2021ರ ನವೆಂಬರಿನಲ್ಲಿ ನಾನು ಬೆಂಗಳೂರಿನ ಕೆಲಸ ಬಿಟ್ಟು ಹೊರಟಿದ್ದೆ. ಮೇಘಾಲಯ, ವಾರಾಣಸಿ, ಕಚ್ಛ್, ಬೇಸಿಗೆಗೆ ಹಿಮಾಚಲದ ಸ್ಪಿತಿ, ಕೊನೆಗೆ ಅಸ್ಸಾಮಿನ ಮಾಜುಲಿ. ಹಿಂದಿರುಗಿದ್ದು 2022ರ ಸೆಪ್ಟೆಂಬರ್ ಮೂರನೆಯ ವಾರ. ಗುವಾಹಟಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಬರುವಾಗ ಎರಡೂವರೆ ದಿನವೂ ಮನಸ್ಸಿನಲ್ಲಿ ಒಂದೇ ಯೋಚನೆ: ಮನೆಯಲ್ಲಿ ಯಾವುದನ್ನು ಮೊದಲು ಹೇಳಲಿ? ಬೇರಿನ ಸೇತುವೆ ಮೇಲೆ ನಡೆದದ್ದನ್ನೋ, ಜೂನ್ ತಿಂಗಳಲ್ಲಿ ಹಿಮ ಮುಟ್ಟಿದ್ದನ್ನೋ? ಅಪ್ಪನಿಗೆ ಯಾವುದು, ಅಮ್ಮನಿಗೆ ಯಾವುದು ಎಂದು ಬೇರೆ ಬೇರೆ ಮಾಡಿ ಇಟ್ಟುಕೊಂಡಿದ್ದೆ.

ಮನೆ ತಲುಪಿದಾಗ ಅಮ್ಮ, "ಕಾಫಿ ಕುಡೀತೀಯೋ, ಟೀನೋ?" ಅಂತ ಕೇಳಿದಳು. ನನಗೆ ಒಂದು ಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಎದುರಿಗೆ ಬಂದುಬಿಡುತ್ತಿತ್ತು. ಮೈ ಒರೆಸಿಕೊಳ್ಳಲು ಬೀರುವಿನಿಂದ ಹೊಸ ಟವಲ್ ತೆಗೆದುಕೊಟ್ಟಳು. ಅದು ನೆಂಟರಿಗೆ ಎಂದು ಎತ್ತಿಟ್ಟದ್ದು, ನನಗೆ ಗೊತ್ತು. ನನ್ನ ಮಂಚದ ಜಾಗದಲ್ಲಿ ಶೇಂಗಾ ಚೀಲ ಪೇರಿಸಿದ್ದರು. "ನಾಳೆ ತೆಗೆಸ್ತೀನಿ, ಇವತ್ತೊಂದಿನ ಹಾಲಲ್ಲಿ ಮಲಗ್ತೀಯೇನಮ್ಮ?" ಅಂತ ಅಪ್ಪ ಮುಜುಗರದಿಂದ ಕೇಳಿದರು. ಅವರು ಮುಜುಗರ ಪಟ್ಟದ್ದೇ ನನಗೆ ಜಾಸ್ತಿ ನೋವಾಯಿತು. ಹತ್ತು ತಿಂಗಳು ಊರೂರಲ್ಲಿ ನೆಂಟಳಾಗಿದ್ದೆ. ಇಲ್ಲಿ ಹಾಗಿರಬಾರದಿತ್ತು.

ಆ ಬಾಟಲಿಯ ವಿಷಯ ನನಗೆ ಮೊದಲೇ ತಿಳಿದಿರಬೇಕಿತ್ತು. ತಿಳಿದಿತ್ತು ಕೂಡ.

ಸೆಪ್ಟೆಂಬರ್ ಮೊದಲ ವಾರ ನಾನು ಮಾಜುಲಿಯಲ್ಲಿದ್ದೆ. ಬ್ರಹ್ಮಪುತ್ರೆಯ ನಡುವಿನ ದ್ವೀಪ ಅದು. ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಮಧ್ಯಾಹ್ನ ಅಮ್ಮನ ಕರೆ ಬಂತು. ಗದ್ದಲದ ನಡುವೆ ಅವಳು ಕೂಗುತ್ತಿದ್ದಳು. "ಕೋಡಿ ಬಿತ್ತು ಕಣೆ! ಅಜ್ಜಿನೂ ಕರ್ಕೊಂಡು ಬಂದೀವಿ!" ಕರೆ ಕಟ್ಟಾಯಿತು. ಆಮೇಲೆ ಮೂರು ವಿಡಿಯೋ ಬಂದವು, ತೆರೆಯಲಿಲ್ಲ. ನಾನು ಒಂದು ಹೆಬ್ಬೆರಳ ಚಿತ್ರ ಕಳಿಸಿ ದೋಣಿ ಹತ್ತಿದೆ. ಸಂಜೆ ಮತ್ತೆ ಕರೆ ಮಾಡಬಹುದಿತ್ತು. ಮಾಡಲಿಲ್ಲ.

ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ ಬೆಳೆದವಳು ಆ ಮಾತಿಗೆ ಹೆಬ್ಬೆರಳು ಕಳಿಸಬಾರದಿತ್ತು. ಯಾಕೆಂದು ಹೇಳುತ್ತೇನೆ.

ಮಾರಿಕಣಿವೆ ಅಂದರೆ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆ. ಮೈಸೂರು ಅರಸರ ಕಾಲದ್ದು, 1907ರಲ್ಲಿ ಮುಗಿಯಿತು. ಕನ್ನಂಬಾಡಿ ಕಟ್ಟೆಗಿಂತ ಹಳೆಯದು. ಪೂರ್ತಿ ತುಂಬಿದರೆ 130 ಅಡಿ, 30 ಟಿಎಂಸಿ ನೀರು. ಆದರೆ ತುಂಬಬೇಕಲ್ಲ? 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದಿತ್ತು. ಅದೇ ಕೊನೆ. ನಮ್ಮ ಕಡೆ ಬೀಳುವ ಮಳೆ ಕಡಿಮೆ. ಮೇಲಿನ ಊರುಗಳ ಕೆರೆಕಟ್ಟೆಗಳಲ್ಲೇ ಹಳ್ಳದ ನೀರು ನಿಂತುಬಿಡುತ್ತಿತ್ತು. ಭದ್ರೆಯ ನೀರು ಕೊಡಿ ಎಂದು ಹಿರಿಯೂರಿನ ರೈತರು ವರ್ಷಗಟ್ಟಲೆ ಧರಣಿ ಕೂತರು. ಕೊನೆಗೂ ಭದ್ರಾ ಮೇಲ್ದಂಡೆಯಿಂದ ನೀರು ಹರಿಯಿತು. 2022ರಲ್ಲಿ ಮಳೆಯೂ ಜೋರಾಗಿ ಹಿಡಿಯಿತು. ಗೌರಿ ಗಣೇಶ ಹಬ್ಬ ಮುಗಿಯುವ ಹೊತ್ತಿಗೆ ನೀರು ಕೋಡಿ ಮುಟ್ಟಿತು. 89 ವರ್ಷದ ಮೇಲೆ.

ನಮ್ಮಮ್ಮನ ತವರು ಆ ಕಟ್ಟೆಯ ಅಚ್ಚುಕಟ್ಟಿನಲ್ಲಿರುವ ಊರು. 2017ರ ಬೇಸಿಗೆಯಲ್ಲಿ ಕಟ್ಟೆ ತಳ ಕಂಡಾಗ ಮಾವನ ತೆಂಗಿನ ತೋಟ ಒಣಗಿತು. ಸುಳಿ ಬಿದ್ದ ಮರಗಳು ಬರೀ ಕಂಬದ ಹಾಗೆ ನಿಂತಿದ್ದವು. ಮಾವ ಅವನ್ನು ಕಡಿಸಿದ ದಿನ ಅಮ್ಮ ಊಟ ಮಾಡಲಿಲ್ಲ. ತೋಟದ ಮಾತು ಎತ್ತಿದರೆ ಇವತ್ತಿಗೂ ಎದ್ದು ಒಳಗೆ ಹೋಗುತ್ತಾಳೆ.

ಇನ್ನು ಅಜ್ಜಿ. ಅವಳಿಗೆ ಹುಟ್ಟಿದ ತಾರೀಕು ಗೊತ್ತಿಲ್ಲ. ಪಿಂಚಣಿ ಕಾಗದದಲ್ಲಿ ಯಾರೋ ಏನೋ ಬರೆದಿದ್ದಾರೆ. ಅವಳು ಹೇಳುವ ಲೆಕ್ಕ ಒಂದೇ: "ಕಣಿವೆ ಕೋಡಿ ಬಿದ್ದ ಮರುವರ್ಷ ಹುಟ್ಟಿದೋಳು ನಾನು." ಕೋಡಿ ಬಿದ್ದಾಗ ಅವಳ ತಾಯಿ ಗಾಡಿ ಕಟ್ಟಿಸಿಕೊಂಡು ನೋಡಲು ಹೋಗಿದ್ದಳಂತೆ. ಆ ಕಥೆಯನ್ನು ನಾವು ಮೊಮ್ಮಕ್ಕಳು ಎಷ್ಟು ಸಲ ಕೇಳಿದ್ದೇವೋ. ಅಂಥ ಅಜ್ಜಿ ತನ್ನ ಕಣ್ಣಿಂದ ಕೋಡಿ ನೋಡಿದ ಹೊತ್ತಿನಲ್ಲಿ ನಾನು ದೋಣಿಯಲ್ಲಿದ್ದೆ.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಸ್ಪಿತಿಯ ಕಥೆ ಶುರು ಮಾಡಿದೆ. ಮಳೆಯೇ ಇಲ್ಲದ ಬೆಟ್ಟದ ಸೀಮೆ, ಹಿಮ ಕರಗಿದ ನೀರನ್ನು ಸಣ್ಣ ಕಾಲುವೆಯಲ್ಲಿ ತಂದು ಬಟಾಣಿ ಬೆಳೆಯುತ್ತಾರೆ, ಮನೆಮನೆಗೂ ನೀರಿನ ಸರದಿ ಇರುತ್ತೆ ಅಂದೆ. "ನಮ್ಮ ನಾಲೆ ನೀರಿನ ಹಂಗೇ," ಅಂದರು ಅಪ್ಪ. ಅಲ್ಲಿಂದ ಮಾತು ಕಟ್ಟೆಯ ಕಡೆ ತಿರುಗಿತು. ಮತ್ತೆ ಸ್ಪಿತಿಗೆ ಬರಲೇ ಇಲ್ಲ.

ಹೇಳಿದ್ದು ಅಮ್ಮ. ಅವಳು ಅಷ್ಟು ಹೊತ್ತು ಒಂದೇ ಉಸಿರಿಗೆ ಮಾತಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ರಸ್ತೆಯುದ್ದಕ್ಕೂ ಗಾಡಿಗಳು. ಬಸ್ಸು ಮುಂದೆ ಹೋಗಲಾಗದೆ ಜನ ಇಳಿದು ನಡೆದರು. ಮಾವ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತುಕೊಂಡ. ಯಾರ ಗುರುತೂ ಇಲ್ಲದ ಜನ "ಅಜ್ಜಿಗೆ ದಾರಿ ಬಿಡ್ರಪ್ಪ" ಎಂದು ಸರಿದು ನಿಂತರು. ಗೌರಿ ಹಬ್ಬಕ್ಕೆ ಕಟ್ಟಿದ್ದ ಮೊರದ ಬಾಗಿನಗಳಲ್ಲಿ ಒಂದನ್ನು ಅಮ್ಮ ಮಿಗಿಸಿಕೊಂಡು ಹೋಗಿದ್ದಳು. ವೇದಾವತಿಗೆ ಬಿಟ್ಟಳು. ಪೊಲೀಸರು ನೀರಿನ ಹತ್ತಿರ ಬಿಡುತ್ತಿರಲಿಲ್ಲ. ಅಜ್ಜಿ ನೀರು ಮುಟ್ಟಲೇಬೇಕು ಎಂದು ಹಟ ಹಿಡಿದಳು. ಕೊನೆಗೆ ಒಬ್ಬ ಹುಡುಗ ತನ್ನ ಬಾಟಲಿಯ ನೀರು ಚೆಲ್ಲಿ, ಇಳಿದು ಹೋಗಿ, ತುಂಬಿಸಿ ತಂದುಕೊಟ್ಟ.

"ಅಜ್ಜಿ ಏನಂದಳು?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ಮುಖಕ್ಕೆ ಹಚ್ಚಿಕೊಂಡಳು. ಉಳಿದಿದ್ದನ್ನ ನನ್ನ ಕೈಗೆ ಕೊಟ್ಟು, ಅವಳು ಬಂದ ಮೇಲೆ ತಲೆಗೆ ಪ್ರೋಕ್ಷಣೆ ಮಾಡು ಅಂದಳು."

ಅವಳು ಅಂದರೆ ನಾನು. ಅಲ್ಲಾಡಿಸಬೇಡ ಎಂದು ಬೆಳಿಗ್ಗೆ ಗದರಿದ್ದ ಆ ಬಾಟಲಿ ನನಗಾಗಿ ಕಾದಿತ್ತು. ಕೈತೊಳೆದು ಬಂದು ಅಮ್ಮ ಮುಚ್ಚಳದಲ್ಲಿ ಅಷ್ಟು ನೀರು ಬಗ್ಗಿಸಿ ನೆತ್ತಿಗೆ ತಟ್ಟಿದಳು. ಮಣ್ಣಿನ ವಾಸನೆ ಬಂತು. ಆಗ ಅತ್ತುಬಿಟ್ಟೆ. ಅಮ್ಮ ಸಮಾಧಾನ ಮಾಡಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ನಸುಕಿಗೆ ಮುಂಚೆಯೇ ಅಮ್ಮ ಕಾಲು ಹಿಡಿದು ಎಳೆದಳು. "ಏಳೆ, ನಲ್ಲಿ ನೀರು ಬಂತು." ದುರ್ಗದಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಹಿಡಿಯಬೇಕು. ನಾನು ಕೊಡ ಹಿಡಿದೆ, ಅಪ್ಪ ಡ್ರಮ್ಮಿಗೆ ಪೈಪು ಹಾಕಿದರು, ಅಮ್ಮ ಹಂಡೆ ತೊಳೆದಳು. ಯಾರೂ ಮಾತಾಡಲಿಲ್ಲ. ಮುಗಿದಾಗ ಕಾಫಿ ಲೋಟ ಎದುರಿಗೆ ಬಂತು. ಈ ಸಲ ಕೇಳಲಿಲ್ಲ.

ನೀರಿನ ವಿಷಯದಲ್ಲಿ ನಮ್ಮ ಊರು ಯಾವಾಗಲೂ ಲೆಕ್ಕದ ಊರು. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಆಮೇಲೆ ಸಂತೆ ಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ನಾಯಕರ ಕಾಲದವರು ಹಾಗೆ ಮೆಟ್ಟಿಲು ಇಳಿಸಿದ್ದರು. ಶಾಲೆಯಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಚಿರಾಪುಂಜಿಗೆ ಹೋದ ಮೇಲೆ ಅದರ ಬೆಲೆ ತಿಳಿಯಿತು. ಅಲ್ಲಿ ವರ್ಷಕ್ಕೆ 11,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆದರೂ ಡಿಸೆಂಬರಿನಲ್ಲಿ ಹೆಂಗಸರು ಕೊಡ ಹೊತ್ತು ನಡೆಯುತ್ತಿದ್ದರು. ಸುಣ್ಣಕಲ್ಲಿನ ಇಳಿಜಾರಿನಲ್ಲಿ ನೀರು ನಿಲ್ಲುವುದೇ ಇಲ್ಲ.

ಭಾನುವಾರ ಅಮ್ಮ ನನ್ನನ್ನು ತವರಿಗೆ ಕರೆದುಕೊಂಡು ಹೋದಳು. ಮೊದಲು ಕಟ್ಟೆ. ಕಣಿವೆ ಮಾರಮ್ಮನಿಗೆ ಕಾಯಿ ಒಡೆಸಿ ಕೋಡಿಯ ಕಡೆ ನಡೆದೆವು. ಜನ ಇನ್ನೂ ಬರುತ್ತಲೇ ಇದ್ದರು. ದಾರಿಯಲ್ಲಿ ಸುಟ್ಟ ಮೆಕ್ಕೆಜೋಳ, ಸೌತೆಕಾಯಿ, ಮಂಡಕ್ಕಿ ಅಂಗಡಿಗಳು. ನೀರು ಬಂಡೆಗಳ ಮೇಲೆ ಬಿಳಿಯಾಗಿ ಮುರಿದು ಬೀಳುತ್ತಿತ್ತು. ನಿಜ ಹೇಳಬೇಕೆಂದರೆ ನಾನು ನೋಡಿ ಬಂದ ಜಲಪಾತಗಳ ಮುಂದೆ ಅದು ದೊಡ್ಡದಲ್ಲ. ಆದರೆ ಅಲ್ಲೆಲ್ಲ ಜನ ನೀರಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಲ್ಲಿ ಎಷ್ಟೋ ಜನ ಸುಮ್ನೆ ನಿಂತು ನೋಡುತ್ತಿದ್ದರು. ಒಬ್ಬ ಮುದುಕ ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಚಿಕ್ಕಮ್ಮ ಬಂದಿದ್ದಳಾ?" ಅಂದೆ. ಅಮ್ಮ ತಲೆಯಾಡಿಸಿದಳು, ಇಲ್ಲ ಎಂದು.

ಚಿಕ್ಕಮ್ಮನನ್ನು ಕೊಟ್ಟಿರುವುದು ಹೊಸದುರ್ಗ ತಾಲ್ಲೂಕಿಗೆ, ಹಿನ್ನೀರಿನ ಕಡೆಗೆ. ಅಷ್ಟು ವರ್ಷ ನೀರು ಮೇಲೆ ಬಾರದ ಜಾಗದಲ್ಲಿ ಜನ ತೋಟ ಮಾಡಿದ್ದರು. ಈ ಸಲ ನೀರು ನುಗ್ಗಿತು. ಚಿಕ್ಕಮ್ಮನ ಅಡಿಕೆ ಗಿಡಗಳು ಮುಳುಗಿದವು. ಅಮ್ಮ ಸಂತೋಷಕ್ಕೆ ಫೋನ್ ಮಾಡಿದಾಗ ಅವಳು, "ನಿಮಗೆ ಕೋಡಿ ಕಣಕ್ಕ, ನಮಗೆ ಮುಳುಗಡೆ," ಎಂದಳಂತೆ. ಆಮೇಲೆ ಇಬ್ಬರೂ ಮಾತಾಡಿರಲಿಲ್ಲ. ಒಂದೇ ನೀರು, ಅಕ್ಕನಿಗೆ ಒಂದು, ತಂಗಿಗೆ ಇನ್ನೊಂದು. ಇದನ್ನು ಅಮ್ಮ ಊಟದ ಹೊತ್ತಿನಲ್ಲಿ ಹೇಳಿರಲಿಲ್ಲ. ಕೋಡಿಯ ಮುಂದೆ ನಿಂತು ಹೇಳಿದಳು.

ಸಂಜೆ ಮಾವನ ಮನೆಯ ಜಗುಲಿಯಲ್ಲಿ ಅಜ್ಜಿ ನನ್ನ ಕೈ ಹಿಡಿದು ಕೂತಳು. ಬೆರಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಎಲ್ಲಿ ಹೋಗಿದ್ದೆ, ಯಾಕೆ ಹೋಗಿದ್ದೆ ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನೀ ಹೋಗಿದ್ದ ಊರಾಗೆ ಹೊಳೆ ಐತಾ?" ಅಂದಳು.

"ಐತೆ ಅಜ್ಜಿ. ಬಲು ದೊಡ್ಡದು. ಈ ದಡದಲ್ಲಿ ನಿಂತರೆ ಆ ದಡ ಕಾಣಲ್ಲ."

"ಅದು ಕೋಡಿ ಬೀಳುತ್ತಾ?"

"ಅದಕ್ಕೆ ಅಲ್ಲಿ ಕಟ್ಟೆ ಇಲ್ಲ ಅಜ್ಜಿ. ವರ್ಷಾ ವರ್ಷಾ ದಡವನ್ನೇ ತಿಂದುಕೊಂಡು ಹೋಗುತ್ತೆ."

ನಾನು ಉಳಿದುಕೊಂಡಿದ್ದ ಮಿಸಿಂಗ್ ಜನರ ಮನೆಯ ಬಗ್ಗೆ ಹೇಳಿದೆ. ಬಿದಿರಿನ ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಮನೆ, ನೆರೆ ಬಂದರೆ ಕೆಳಗೆ ಹರಿದು ಹೋಗಲಿ ಎಂದು. ಆ ಮನೆಯ ಹೆಂಗಸು ಎರಡು ಸಲ ಮನೆ ಬಿಚ್ಚಿ ಹಿಂದಕ್ಕೆ ಕಟ್ಟಿಕೊಂಡಿದ್ದಳು. ಮೊದಲು ಮನೆ ಇದ್ದ ಜಾಗ ತೋರಿಸು ಎಂದರೆ ಹೊಳೆಯ ನಡುವೆ ಕೈ ತೋರಿಸಿದ್ದಳು. ಹತ್ತು ತಿಂಗಳಿನಿಂದ ಕೂಡಿಟ್ಟುಕೊಂಡಿದ್ದ ಕಥೆಗಳಲ್ಲಿ ಕೊನೆಯವರೆಗೂ ಹೇಳಿದ್ದು ಅದೊಂದೇ.

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. "ನಮ್ಮ ಚಿಕ್ಕೋಳಿಗೂ ಹಂಗೇ ಆಗೈತೆ," ಅಂದಳು. ಆಮೇಲೆ ಅಮ್ಮನ ಕಡೆ ತಿರುಗದೆ ನನಗೇ ಹೇಳಿದಳು, "ಅವಳಿಗೆ ಫೋನ್ ಹಚ್ಚು."

ಹಚ್ಚಿದೆ. ಚಿಕ್ಕಮ್ಮ ಎತ್ತಿದಳು. ಯಾವಾಗ ಬಂದೆ, ಎಷ್ಟು ಸೊರಗಿದೀಯೋ ಏನೋ ಅಂದಳು. ನಾಳೆ ನಿಮ್ಮೂರಿಗೆ ಬರುತ್ತೇವೆ, ತೋಟ ನೋಡಲು ಅಂದೆ. ಬರುತ್ತೇವೆ ಎಂದದ್ದು ಕೇಳಿ ಅಮ್ಮ ತಲೆ ಎತ್ತಿದಳು. ಬೇಡ ಎನ್ನಲಿಲ್ಲ.

"ತೋಟ ಎಲ್ಲೈತೆ ಮಗಾ ನೋಡೋಕೆ, ಬರೀ ನೀರು," ಅಂದಳು ಚಿಕ್ಕಮ್ಮ. ಸ್ವಲ್ಪ ತಡೆದು, "ಮಧ್ಯಾಹ್ನದ ಹೊತ್ತಿಗೆ ಬನ್ನಿ. ಮುದ್ದೆ ಮಾಡಿರ್ತೀನಿ. ಅಕ್ಕನಿಗೆ ಉಪ್ಪುಸಾರು ಇಷ್ಟ, ಅದನ್ನೂ ಮಾಡಿರ್ತೀನಿ."